ಪಿಲಿ, ಪುಲಿ, ಹುಲಿ

ಕಾಲೇಜಿನಲ್ಲಿ ಕನ್ನಡ ಪಾಠ ಹೇಳುತ್ತ ಇಪ್ಪತ್ತು ವರ್ಷ ಕಳೆದ ಮೇಲೆ, ನಲವತ್ತಾರನೆಯ ವಯಸ್ಸಿನಲ್ಲಿ, ಶಿಶುಶಿಕ್ಷಣದಲ್ಲಿ ಇನ್ನೊಂದು ಸ್ನಾತಕೋತ್ತರ ಪದವಿಯನ್ನು ನಾನು ಪಡೆದೆನೆಂಬ ಸುದ್ದಿ ನಮ್ಮ ಅಧ್ಯಾಪಕರ ಕೊಠಡಿಯನ್ನು ಮುಟ್ಟಿದಾಗ ಅಲ್ಲಿ ಎದ್ದದ್ದು ಮೆಚ್ಚುಗೆಯಲ್ಲ, ನಗು. “ಪಂಪನನ್ನು ಮುಗಿಸಿ ಈಗ ಅ ಆ ಇ ಈ ಕಲಿಯಲಿಕ್ಕೆ ಹೊರಟಿರೋ?” ಎಂದರು ಹಿರಿಯರೊಬ್ಬರು. ನಾನೂ ಅವರೊಡನೆ ನಕ್ಕೆ. ಎರಡು ವರ್ಷ, ಮನೆಯವರೆಲ್ಲ ಮಲಗಿದ ಮೇಲೆ ದೂರಶಿಕ್ಷಣದ ದಪ್ಪ ದಪ್ಪ ಪುಸ್ತಕಗಳನ್ನು ಓದಿ ಪರೀಕ್ಷೆ ಬರೆದವಳಿಗೆ ಅಷ್ಟು ನಗುವ ಅಧಿಕಾರವಾದರೂ ಇರಬೇಡವೇ? ಈ ವಯಸ್ಸಿನಲ್ಲಿ ಈ ಓದು ಏಕೆಂದು ಕೇಳಿದವರಿಗೆ ನಾನು ಹೇಳಿದ ಕಾರಣ ಒಂದು, ನಿಜವಾದ ಕಾರಣ ಇನ್ನೊಂದು. ನಿಜವಾದುದನ್ನು ಮುಂದೆ ಹೇಳುತ್ತೇನೆ; ಅದನ್ನು ಮೊದಲೇ ಹೇಳಿಬಿಡುವಷ್ಟು ಧೈರ್ಯ ನನಗಿಲ್ಲ.

ಪದವಿಯ ನಿಯಮದಂತೆ ಕೆಲವು ವಾರ ಚಿಕ್ಕ ಮಕ್ಕಳ ನಡುವೆ ಕುಳಿತು, ಕಂಡದ್ದನ್ನು ಬರೆದು ಒಪ್ಪಿಸಬೇಕಾಗಿತ್ತು. ನಾನು ಆರಿಸಿಕೊಂಡದ್ದು ಕದ್ರಿಯ ಇಳಿಜಾರಿನಲ್ಲಿ, ನಮ್ಮ ಮನೆಯಿಂದ ಹತ್ತು ನಿಮಿಷದ ದಾರಿಯಲ್ಲಿರುವ ಒಂದು ಅಂಗನವಾಡಿಯನ್ನು. ಒಂದು ಕೋಣೆ, ಒಂದು ಜಗಲಿ, ಮಳೆಗಾಲದಲ್ಲಿ ಒಣಗದ ಚಾಪೆಗಳು, ಗೋಡೆಯ ಮೇಲೆ ಪ್ರಾಣಿಗಳ ಚಿತ್ರಪಟ. ಮೊದಲ ವಾರದಲ್ಲೇ, ಮೂರೂವರೆ ವರ್ಷದ ಹುಡುಗನೊಬ್ಬ ಆ ಚಿತ್ರಪಟದ ಮುಂದೆ ನಿಂತು, ಸೊಂಟ ಬಗ್ಗಿಸಿ, ಎರಡು ಕೈಗಳನ್ನೂ ಉಗುರಿನಂತೆ ಮಾಡಿಕೊಂಡು, “ಪಿಲಿ! ಪಿಲಿ!” ಎಂದು ಕುಣಿಯತೊಡಗಿದ. ನವರಾತ್ರಿಯ ಹುಲಿವೇಷವನ್ನು ಅಪ್ಪನ ಹೆಗಲ ಮೇಲೆ ಕುಳಿತು ನೋಡಿದ್ದನೆಂದು ಕಾಣುತ್ತದೆ. ತಾಸೆಯ ಪೆಟ್ಟು ಅವನ ಕಾಲುಗಳಲ್ಲಿ ಇನ್ನೂ ಇತ್ತು. ನಾನಾದರೋ ಅಭ್ಯಾಸಬಲದಿಂದ, ಬಹಳ ಪ್ರೀತಿಯಿಂದಲೇ, “ಪಿಲಿ ಅಲ್ಲ ಮಗಾ, ಹುಲಿ. ಎಲ್ಲಿ, ಹೇಳು, ಹು-ಲಿ” ಎಂದೆ.

ಕುಣಿತ ನಿಂತಿತು. ಹುಡುಗ ಕೈಗಳನ್ನು ಇಳಿಸಿ ನನ್ನನ್ನು ನೋಡಿದ. ಅಂದು ಅವನು ಮತ್ತೆ ಮಾತಾಡಲಿಲ್ಲ; ಮರುದಿನವೂ ಇಲ್ಲ. ನಾನು ಬಂದೊಡನೆ ಕಿಟಕಿಯ ಕಡೆಗೆ ತಿರುಗಿ ಕೂರುವ ಪರಿಪಾಠವನ್ನು ಇಟ್ಟುಕೊಂಡ.

ಅದೇ ಬೆಳಗ್ಗೆ ನಾನು ಕಾಲೇಜಿನಲ್ಲಿ ಏನು ಪಾಠ ಮಾಡಿ ಬಂದಿದ್ದೆನೆಂಬುದನ್ನು ವಾಚಕರಿಗೆ ಹೇಳಲೇಬೇಕು. ಹಳಗನ್ನಡದ ಪಕಾರವು ಹೊಸಗನ್ನಡದಲ್ಲಿ ಹಕಾರವಾದ ಬಗೆ. ಪಾಲ್ ಹಾಲಾಯಿತು, ಪಕ್ಕಿ ಹಕ್ಕಿಯಾಯಿತು, ಪೆಸರ್ ಹೆಸರಾಯಿತು, ಪುಲಿ ಹುಲಿಯಾಯಿತು. ‘ಪುಲಿ’ ಎಂಬ ಶಬ್ದವನ್ನು ಕಪ್ಪು ಹಲಗೆಯ ಮೇಲೆ ಬರೆದು, ಸಾವಿರ ವರ್ಷದ ಹಿಂದಿನ ನುಡಿಯೆಂದು ಭಕ್ತಿಯಿಂದ ಅದರ ಕೆಳಗೆ ಗೆರೆ ಎಳೆದಿದ್ದೆ. ಮಧ್ಯಾಹ್ನದ ಹೊತ್ತಿಗೆ, ಅದೇ ಪಕಾರವನ್ನು ತಾಯಿಯ ಹಾಲಿನೊಡನೆ ಕುಡಿದು ಬಂದ ಮಗುವಿನ ಬಾಯಲ್ಲಿ ಅದನ್ನು ತಪ್ಪೆಂದು ತಿದ್ದಿದೆ! ತುಳುವಿನಲ್ಲಿ ಹುಲಿ ಪಿಲಿಯೇ, ಹಕ್ಕಿ ಪಕ್ಕಿಯೇ, ಹಂದಿ ಪಂಜಿಯೇ, ಹೆಸರು ಪುದರ್. ಕನ್ನಡ ಬಿಟ್ಟುಕೊಟ್ಟುದನ್ನು ತುಳು ಇಟ್ಟುಕೊಂಡಿದೆ. ಪಂಪ ಆದಿಪುರಾಣವನ್ನು ಮುಗಿಸಿದ್ದು 941ರಲ್ಲಿ. ನಮ್ಮ ಕದ್ರಿಯ ಮಂಜುನಾಥ ದೇವಾಲಯದ ಲೋಕೇಶ್ವರನ ಕಂಚಿನ ವಿಗ್ರಹವನ್ನು ಆಳುಪ ಅರಸ ಕುಂದವರ್ಮ ಪ್ರತಿಷ್ಠಿಸಿದ್ದು 968ರಲ್ಲಿ. ಆ ಪೀಠದ ಶಾಸನ ಸಂಸ್ಕೃತದಲ್ಲಿದೆ. ಆ ದಿನಗಳಲ್ಲಿ ಬೆಟ್ಟದ ಬುಡದಲ್ಲಿ ಹುಲಿ ಬಂದಾಗ ಜನ ಏನೆಂದು ಕೂಗಿಕೊಂಡರೋ ಅದು ಹೇಳುವುದಿಲ್ಲ. ಹಕಾರದ ಹುಲಿಯಂತೂ ಆಗಿರಲಾರದು.

ಆ ಹುಡುಗನನ್ನು ಮತ್ತೆ ಮಾತಿಗೆ ಎಳೆದವರು ಅಂಗನವಾಡಿಯ ಟೀಚರ್. ಎಸ್.ಎಸ್.ಎಲ್.ಸಿ. ಮುಗಿಸಿ ಈ ಕೆಲಸಕ್ಕೆ ಸೇರಿ ಬಹಳ ವರ್ಷಗಳಾದವರು. ಗೋಡೆಯ ಪಟವನ್ನು ಕೆಳಗಿಳಿಸಿ ಚಾಪೆಯ ಮೇಲೆ ಹಾಸಿ, ತಾವೇ ಹೆದರಿದವರಂತೆ ನಟಿಸಿ, “ಅಯ್ಯೋ, ಪಿಲಿ!” ಎಂದು ಕೂಗಿದರು. ಹುಡುಗನ ಮುಖದಲ್ಲಿ ನಗು ಹುಟ್ಟಿತು. ಆಮೇಲೆ ನನ್ನ ಬಳಿಗೆ ಬಂದು, ಮಾತು ನನಗೆ ನೋಯಬಾರದೆಂಬ ಎಚ್ಚರದಿಂದ, “ಮಗು ಮೊದ್ಲು ಮಾತಾಡ್ಲಿ ಮೇಡಂ, ಕನ್ನಡ ಮತ್ತೆ ಬರ್ತದೆ” ಎಂದರು. ಇದೇ ಮಾತನ್ನು ಯುನೆಸ್ಕೋ ಸಂಸ್ಥೆ 1953ರ ತನ್ನ ಪ್ರಸಿದ್ಧ ವರದಿಯಲ್ಲಿ ಒಂದು ಪುಸ್ತಕದಷ್ಟು ಉದ್ದಕ್ಕೆ ಹೇಳಿದೆ. ನಾನು ಅದನ್ನು ಪರೀಕ್ಷೆಗೆಂದು ಬಾಯಿಪಾಠ ಮಾಡಿದ್ದೆ.

ಅಂಗನವಾಡಿ ಎಂದರೆ ಬಿಸಿಯೂಟ, ತೂಕದ ತಕ್ಕಡಿ, ಲಸಿಕೆಯ ದಾಖಲೆ ಎಂದೇ ನಮ್ಮಲ್ಲಿ ಬಹುಮಂದಿಯ ತಿಳಿವಳಿಕೆ. ನನ್ನದೂ ಅಷ್ಟೇ ಇತ್ತು. 1975ರ ಅಕ್ಟೋಬರ್ 2ರಂದು ದೇಶದ 33 ಕಡೆಗಳಲ್ಲಿ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾದಾಗ ಕರ್ನಾಟಕದಲ್ಲಿ ಅದಕ್ಕೆ ಆರಿಸಿದ್ದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರವನ್ನು. ಆದರೆ ಅದರ ಹಿಂದಿನ ಕಲ್ಪನೆ ಇನ್ನೂ ಹಳೆಯದು. ಗುಜರಾತಿನ ಭಾವನಗರದಲ್ಲಿ ಗಿಜುಭಾಯಿ ಬಧೇಕಾ ಅವರೊಡನೆ ಬಾಲಮಂದಿರದಲ್ಲಿ ದುಡಿದ ತಾರಾಬಾಯಿ ಮೋಡಕ್, 1945ರಲ್ಲಿ ಮುಂಬಯಿಯ ಉತ್ತರಕ್ಕೆ ಕಡಲತೀರದ ಬೋರ್ಡಿ ಎಂಬ ಹಳ್ಳಿಗೆ ಹೋಗಿ ಅಲ್ಲಿ ಬಾಲವಾಡಿಯನ್ನು ತೆರೆದರು. ಶಾಲೆಗೆ ಬಾರದ ಬಡಮಕ್ಕಳಿರುವಲ್ಲಿಗೆ, ಅವರ ಮನೆಯ ಅಂಗಳಕ್ಕೇ, ಶಾಲೆಯನ್ನು ಒಯ್ಯಬೇಕೆಂಬುದು ಅವರ ಹಟ. ಮದ್ರಾಸಿಗೆ 1939ರಲ್ಲಿ ಬಂದ ಮಾರಿಯಾ ಮಾಂಟೆಸೊರಿಯವರ ಹೆಸರನ್ನು ಇಂದು ನಗರದ ಬೀದಿಬೀದಿಯ ಹಲಗೆಗಳಲ್ಲಿ ಕಾಣುತ್ತೇವೆ. ತಾರಾಬಾಯಿಯವರ ಹೆಸರಿನ ಹಲಗೆಯನ್ನು ನಾನು ಮಂಗಳೂರಿನಲ್ಲಿ ಕಂಡಿಲ್ಲ. ಇರಲಿ. ಅಂಗಳವೆಂದರೆ ಅಂಗಳದ ಮಾತೂ ಸೇರಿದಂತೆ ಎಂಬುದು ನನಗೆ ಹೊಳೆದದ್ದು ಆ ಟೀಚರ್ ಚಾಪೆಯ ಮೇಲೆ ಹುಲಿಗೆ ಹೆದರಿದಾಗಲೇ.

ಆಮೇಲೆ ನಾನು ತಿದ್ದುವುದನ್ನು ಬಿಟ್ಟು ಕೇಳುವುದನ್ನು ಆರಂಭಿಸಿದೆ. ಹುಡುಗ ತೆಂಗಿನ ಗೆರಟೆಗಳನ್ನು ಒಂದರ ಮೇಲೊಂದು ಇಡುತ್ತ ತನ್ನಷ್ಟಕ್ಕೇ “ಉಂದು ಮುಲ್ಪ, ಅವು ಅಲ್ಪ” ಎಂದುಕೊಳ್ಳುತ್ತಿದ್ದ. ಇದು ಇಲ್ಲಿ, ಅದು ಅಲ್ಲಿ. ಯಾರಿಗೂ ಹೇಳುತ್ತಿಲ್ಲ, ಯಾರ ಉತ್ತರವೂ ಬೇಕಿಲ್ಲ. ಹೀಗೆ ಮಗು ತನ್ನೊಡನೆ ತಾನೇ ಆಡುವ ಮಾತನ್ನು ಸ್ವಿಸ್ ವಿದ್ವಾಂಸ ಪಿಯಾಜೆ 1923ರಷ್ಟು ಹಿಂದೆಯೇ ಗಮನಿಸಿ ಬರೆದ. ಇತರರ ದೃಷ್ಟಿಯನ್ನು ಇನ್ನೂ ಅರಿಯದ ಮಗುವಿನ ಮಾತು, ಬೆಳೆದಂತೆ ಅದು ಅಳಿದುಹೋಗುತ್ತದೆ ಎಂಬುದು ಅವನ ಆಗಿನ ಅಭಿಪ್ರಾಯ. ರಷ್ಯದ ವೈಗಾಟ್‌ಸ್ಕಿ ಇದನ್ನು ಒಪ್ಪಲಿಲ್ಲ. 1934ರಲ್ಲಿ, ಅವನು ತೀರಿಕೊಂಡ ವರ್ಷ, ಅಚ್ಚಾದ ಪುಸ್ತಕದಲ್ಲಿ, ಆ ಮಾತು ಅಳಿಯುವುದಿಲ್ಲ, ಒಳಗೆ ಇಳಿಯುತ್ತದೆ, ಇಳಿದು ಆಲೋಚನೆಯಾಗುತ್ತದೆ ಎಂದು ವಾದಿಸಿದ. ಓದುವಾಗ ಇದು ನನಗೆ ವಿದ್ವಾಂಸರಿಬ್ಬರ ಜಗಳವಾಗಿ ಮಾತ್ರ ಕಂಡಿತ್ತು. ಗೆರಟೆಯ ಹುಡುಗನ ಮುಂದೆ ಕುಳಿತಾಗ ಭಯವಾಯಿತು. ಅವನ ತುಳುವನ್ನು ಬಾಗಿಲ ಹೊರಗೆ ಬಿಟ್ಟು ಬಾ ಎಂದರೆ, ಅವನು ಏನನ್ನು ಹೊರಗೆ ಬಿಟ್ಟು ಬರಬೇಕಾಗುತ್ತದೆ?

ಈ ಪ್ರಶ್ನೆ ದಕ್ಷಿಣ ಕನ್ನಡಕ್ಕೆ ಹೊಸದಲ್ಲ. ನೂರು ವರ್ಷದ ಹಿಂದೆ ಇದನ್ನು ಎದುರಿಸಿದವರು ಪಂಜೆ ಮಂಗೇಶರಾಯರು. 1874ರಲ್ಲಿ ಬಂಟ್ವಾಳದಲ್ಲಿ ಹುಟ್ಟಿದ ಅವರ ಮನೆಮಾತು ಕೊಂಕಣಿ, ಬೀದಿಯ ಮಾತು ತುಳು, ಬರೆದದ್ದು ಕನ್ನಡ. ಮಂಗಳೂರಿನ ಸರಕಾರಿ ಕಾಲೇಜಿನಲ್ಲಿ ಕನ್ನಡ ಪಂಡಿತರಾಗಿದ್ದವರು ಮುಂದೆ ಶಾಲೆಗಳ ಇನ್‌ಸ್ಪೆಕ್ಟರರಾಗಿ ಊರೂರು ಸುತ್ತಿದರು. ಪಾಠ ಒಪ್ಪಿಸಲು ಎದ್ದು ನಿಂತು, ಮನೆಯಲ್ಲಿ ಎಂದೂ ಕೇಳದ ಪುಸ್ತಕದ ಕನ್ನಡಕ್ಕೆ ತಬ್ಬಿಬ್ಬಾದ ಮಕ್ಕಳನ್ನು ಅವರು ಎಷ್ಟು ಕಂಡಿರಬೇಡ! ಅವರ ಮಕ್ಕಳ ಬರಹಗಳ ಹೆಸರುಗಳನ್ನೇ ನೋಡಿ: ‘ಇಲಿಗಳ ಥಕಥೈ’, ‘ಗುಡುಗುಡು ಗುಮ್ಮಟ ದೇವರು’. ಅರ್ಥ ತಿಳಿಯುವ ಮುಂಚೆಯೇ ಬಾಯಿಗೂ ಕಾಲಿಗೂ ಕೆಲಸ ಕೊಡುವ ಶಬ್ದಗಳು. ಕನ್ನಡ ಬಾರದ ಮಗು ಕನ್ನಡದೊಳಕ್ಕೆ ಕುಣಿಯುತ್ತ ಬರಲೆಂದು ಅವರು ಬಾಗಿಲನ್ನು ತಗ್ಗಿಸಿಟ್ಟರೆಂದೇ ನಾನು ತಿಳಿಯುತ್ತೇನೆ. ಪಂಜೆಯವರನ್ನು ಇಪ್ಪತ್ತು ವರ್ಷ ಪಾಠ ಮಾಡಿದ್ದೇನೆ. ‘ನವೋದಯದ ಹರಿಕಾರರಲ್ಲಿ ಒಬ್ಬರು’ ಎಂದು ಟಿಪ್ಪಣಿ ಬರೆಸಿದ್ದೇನೆ. ಅವರು ಯಾರಿಗಾಗಿ ಬರೆದರೆಂದು ಒಮ್ಮೆಯೂ ಯೋಚಿಸಿರಲಿಲ್ಲ.

ನಕ್ಕ ಹಿರಿಯರಿಗೆ ನಾನು ಕೊಡಬಹುದಾಗಿದ್ದ ಉತ್ತರ ಇನ್ನೊಂದಿತ್ತು. ಕನ್ನಡ ಎಂ.ಎ. ಮುಗಿಸಿದ ಜಿ.ಪಿ. ರಾಜರತ್ನಂ ಅವರೂ ಕೆಲವು ಕಾಲ ಶಿಶುವಿಹಾರದ ಮಕ್ಕಳಿಗೆ ಪಾಠ ಹೇಳಿದವರೇ. ಆಗ ಕೈಗೆ ಸಿಕ್ಕ ಪದ್ಯಗಳು ಮಕ್ಕಳಿಗೆ ಹಿಡಿಸದೆ ಹೋದುದರಿಂದ ತಾವೇ ಬರೆದರು. ‘ತುತ್ತೂರಿ’ ಹುಟ್ಟಿದ್ದು ಹಾಗೆ. ಎಂ.ಎ.ಗೂ ಶಿಶುವಿಹಾರಕ್ಕೂ ನಡುವೆ ಮೆಟ್ಟಿಲಿರುವುದು ನಿಜ. ಯಾವುದು ಮೇಲೆ, ಯಾವುದು ಕೆಳಗೆ ಎಂಬುದನ್ನು ಮಾತ್ರ ನಾವು ಬಹಳ ಬೇಗ ತೀರ್ಮಾನಿಸಿಬಿಟ್ಟಿದ್ದೇವೆ.

ಇನ್ನು ನಿಜವಾದ ಕಾರಣ. ನನ್ನ ಮನೆಮಾತೂ ತುಳುವೇ. ಮಗಳಿಗೆ ಮೂರು ತುಂಬಿದಾಗ ಅವಳನ್ನು ಪೇಟೆಯ ಒಂದು ಇಂಗ್ಲಿಷ್ ನರ್ಸರಿಗೆ ಸೇರಿಸಿದೆವು. ಮನೆಯಲ್ಲಿಯೂ ಇಂಗ್ಲಿಷಿನಲ್ಲೇ ಮಾತಾಡಿರೆಂದು ಅಲ್ಲಿಯವರು ಹೇಳಿದರು. ಅವರನ್ನೇಕೆ ದೂರಲಿ? ಕೇಳಿ ತಲೆಯಾಡಿಸಿ ಬಂದವಳು ನಾನು. ಅದೇ ವರ್ಷ ರಾಜ್ಯೋತ್ಸವದ ವೇದಿಕೆಯಲ್ಲಿ ಮಾತೃಭಾಷೆಯ ಮಹತ್ವದ ಮೇಲೆ ಮುಕ್ಕಾಲು ಗಂಟೆ ಮಾತಾಡಿದವಳೂ ನಾನೇ. ಪ್ರಾಥಮಿಕ ಶಾಲೆಯ ಮಾಧ್ಯಮ ಮಾತೃಭಾಷೆ ಅಥವಾ ಕನ್ನಡ ಆಗಿರಬೇಕೆಂಬ 1994ರ ಸರಕಾರಿ ಆದೇಶ, ಅದನ್ನು ಹೇರಲಾಗದೆಂದ 2014ರ ಸುಪ್ರೀಂ ಕೋರ್ಟಿನ ತೀರ್ಪು, ಎರಡರ ಮೇಲೂ ನಮ್ಮ ಕೊಠಡಿಯಲ್ಲಿ ಚಹಾ ಆರುವವರೆಗೆ ವಾದಿಸಿದ್ದೇನೆ. ಆ ಜಗಳವೆಲ್ಲ ಒಂದನೆಯ ತರಗತಿಯಿಂದ ಆರಂಭವಾಗುತ್ತದೆ. ನನ್ನ ಮನೆಯಲ್ಲಿ ವ್ಯಾಜ್ಯ ಮೂರನೆಯ ವಯಸ್ಸಿಗೇ ಇತ್ಯರ್ಥವಾಗಿತ್ತು. ಮಾತೃಭಾಷೆ ಎನ್ನುವಾಗ ನಾನು ಕನ್ನಡವೆಂದೇ ಅರ್ಥಮಾಡಿಕೊಂಡಿದ್ದೆನೆಂಬುದು ಬೇರೆ ಮಾತು. ಕದ್ರಿಯ ಎಷ್ಟೋ ಮನೆಗಳಲ್ಲಿ ತಾಯಿಯ ಮಾತು ತುಳು, ಕೊಂಕಣಿ ಅಥವಾ ಬ್ಯಾರಿ. ಈಗ ನಮ್ಮ ಜಿಲ್ಲೆಯ ಕೆಲವು ಶಾಲೆಗಳಲ್ಲಿ ಆರನೆಯ ತರಗತಿಯಿಂದ ತುಳುವನ್ನು ತೃತೀಯ ಭಾಷೆಯಾಗಿ ಕಲಿಯಬಹುದು. ಮೂರರಲ್ಲಿ ಹೊರಗೆ ಕಳುಹಿಸಿದ್ದನ್ನು ಹನ್ನೊಂದರಲ್ಲಿ ಪಠ್ಯಪುಸ್ತಕದ ಮೂಲಕ ಒಳಗೆ ಕರೆಯುವ ಏರ್ಪಾಡು!

ಮಗಳಿಗೆ ಈಗ ಹದಿನೇಳು. ನನ್ನ ತಾಯಿ ನಮ್ಮೊಡನೆ ಇದ್ದಾರೆ. ಅವರು ತುಳುವಿನಲ್ಲಿ ಕರೆದರೆ ಇವಳಿಗೆ ಅರ್ಥವಾಗುತ್ತದೆ. ಉತ್ತರ ಬರುವುದು ಇಂಗ್ಲಿಷಿನಲ್ಲಿ, ಇಲ್ಲವೇ ಅಳೆದು ಸುರಿದ ಕನ್ನಡದಲ್ಲಿ. ಒಂದು ಸಂಜೆ ಮಳೆ ಸುರಿಯುತ್ತಿದ್ದಾಗ ಅಮ್ಮ ತಮ್ಮ ಬಾಲ್ಯದ ಯಾವುದೋ ಕಥೆಯನ್ನು ಆರಂಭಿಸಿ, ಅರ್ಧದಲ್ಲಿ ನಿಲ್ಲಿಸಿ, “ಬಿಡು, ಇದು ಕನ್ನಡದಲ್ಲಿ ಹೇಳಲಿಕ್ಕೆ ಬರುವುದಿಲ್ಲ” ಎಂದು ಅವಳಿಗೆ ಕನ್ನಡದಲ್ಲೇ ಹೇಳಿ ಎದ್ದುಹೋದರು. ನಾನು ಪ್ರವೇಶದ ಅರ್ಜಿಯನ್ನು ತುಂಬಿಸಿದ್ದು ಆ ವಾರ.

ಪ್ರಮಾಣಪತ್ರ ಅಂಚೆಯಲ್ಲಿ ಬಂತು. “ಉಂದು ದಾದ?” ಎಂದರು ಅಮ್ಮ. ಚಿಕ್ಕ ಮಕ್ಕಳಿಗೆ ಹೇಗೆ ಕಲಿಸಬೇಕೆಂದು ನಾನು ಕಲಿತದ್ದಕ್ಕೆ ಕೊಟ್ಟ ಕಾಗದ ಎಂದೆ. ಅವರು ಅದನ್ನು ತಿರುಗಿಸಿ ನೋಡಿ, ಮೊಮ್ಮಗಳ ಕೋಣೆಯ ಕಡೆಗೊಮ್ಮೆ ನೋಡಿ, ಏನೂ ಹೇಳದೆ ಹಿಂದಕ್ಕೆ ಕೊಟ್ಟರು.

ಮರುದಿನ ಟೀಚರಿಗೆ ಸಿಹಿ ಕೊಡಲೆಂದು ಅಂಗನವಾಡಿಗೆ ಹೋದೆ. ಹುಡುಗನಿಗೆ ಐದು ತುಂಬಿದೆ, ಎತ್ತರವಾಗಿದ್ದಾನೆ. ಬೇರೆ ಮಕ್ಕಳೊಡನೆ ತುಳುವಿನಲ್ಲಿ ಜೋರಾಗಿ ಜಗಳವಾಡುತ್ತಿದ್ದವನು ನನ್ನನ್ನು ಕಂಡೊಡನೆ ಸುಮ್ಮನಾದ. ನಾನು ಚಿತ್ರಪಟದ ಬಳಿ ಕುಳಿತು, ಬೆರಳಿಟ್ಟು, “ಪಿಲಿ” ಎಂದೆ. ಅವನು ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದ. ಆಮೇಲೆ ಬಹಳ ಪ್ರೀತಿಯಿಂದ, ಬಿಡಿಸಿ ಬಿಡಿಸಿ, “ಪಿಲಿ ಅಲ್ಲ ಮೇಡಂ, ಹು-ಲಿ” ಎಂದ.