ಹಾಲು ಹಲ್ಲು ತಾನೇ ಅಂತ ಬಿಡಬೇಡಿ

ಎರಡು ವರ್ಷದ ಮಗಳ ಮುಂದಿನ ಹಲ್ಲಿನ ಬುಡದಲ್ಲಿ ಕಂದು ಕಲೆ ಕಾಣಿಸಿದೆ. ಗಾಬರಿಯಿಂದ ತೋರಿಸಿದರೆ ಅತ್ತೆ, ‘ಹೋಗ್ಲಿ ಬಿಡಮ್ಮಾ, ಹಾಲು ಹಲ್ಲು ತಾನೇ, ಹೇಗಿದ್ರೂ ಬಿದ್ದು ಹೋಗತ್ತೆ’ ಅಂತಾರೆ. ಪಕ್ಕದ ಮನೆಯಾಕೆ, ‘ಚಾಕೊಲೇಟ್ ಜಾಸ್ತಿ ಕೊಡ್ತೀರೇನೋ’ ಅಂತ ಕೊಂಕು ತೆಗೀತಾರೆ. ಮಗುವಿಗೆ ಚಾಕೊಲೇಟನ್ನೇ ತೋರಿಸದ ನಿಮಗೆ ಅಳುವುದೊಂದು ಬಾಕಿ.

ಮೊದಲು ಅತ್ತೆಯವರ ಮಾತು ನೋಡೋಣ. ಮುಂದಿನ ಹಾಲು ಹಲ್ಲುಗಳು 6-7 ವರ್ಷಕ್ಕೆ ಬೀಳುವುದೇನೋ ನಿಜ. ಆದರೆ ದವಡೆಯ ಹಾಲು ಹಲ್ಲುಗಳು 10-12 ವರ್ಷದವರೆಗೂ ದುಡಿಯಬೇಕು. ಅಗಿಯೋದಕ್ಕೂ ಅವೇ, ಹುಟ್ಟಲಿರುವ ಶಾಶ್ವತ ಹಲ್ಲಿಗೆ ಜಾಗ ಹಿಡಿದಿಡೋದಕ್ಕೂ ಅವೇ. ಮೊದಲೇ ಕೀಳಿಸಿದರೆ ಪಕ್ಕದ ಹಲ್ಲು ವಾಲಿ, ಮುಂದೆ ಬರುವುದು ಸೊಟ್ಟಗೆ ಬರಬಹುದು. ಹಾಲು ಹಲ್ಲಿನ ಹೊರಕವಚ ತೆಳು, ಹಾಗಾಗಿ ಹುಳುಕು ಬೇಗನೆ ನರ ಮುಟ್ಟುತ್ತದೆ. ನೋವು ಅಂತ ಹೇಳಲು ಮಗುವಿಗೆ ಬಾರದು. ಒಂದೇ ಪಕ್ಕ ಅಗಿಯುತ್ತೆ, ತುತ್ತನ್ನು ಬಾಯಲ್ಲೇ ಇಟ್ಟುಕೊಂಡು ಕೂರುತ್ತೆ, ರಾತ್ರಿ ಎದ್ದು ಅಳುತ್ತೆ. ನಾವು ‘ಹಠ’ ಅಂತ ಗದರುತ್ತೇವೆ!

ಹಾಗಾದರೆ ಚಾಕೊಲೇಟ್ ತಿನ್ನದ ಮಗುವಿಗೆ ಹುಳುಕು ಬಂದದ್ದೆಲ್ಲಿಂದ? ಬಹುತೇಕ ಮನೆಗಳಲ್ಲಿ ಕಳ್ಳ ಇರೋದು ಹಾಸಿಗೆಯಲ್ಲಿ: ರಾತ್ರಿಯ ಹಾಲಿನ ಬಾಟಲಿ. ಹಾಲಿಗೊಂದು ಚಮಚ ಸಕ್ಕರೆ, ಮಗು ಚೀಪುತ್ತಾ ನಿದ್ದೆ ಹೋಗುತ್ತೆ, ನಿಮಗೂ ಸ್ವಲ್ಪ ಬಿಡುವು. ಆದರೆ ನಿದ್ದೆಯಲ್ಲಿ ಜೊಲ್ಲು ಕಮ್ಮಿ, ನುಂಗೋದೂ ಕಮ್ಮಿ. ಹಾಲು ಮೇಲಿನ ಮುಂಹಲ್ಲುಗಳ ಸುತ್ತ ನಿಂತುಬಿಡುತ್ತದೆ. ಬಾಯಿಯ ಬ್ಯಾಕ್ಟೀರಿಯಾ ಆ ಸಿಹಿಯನ್ನು ಆಮ್ಲ ಮಾಡುತ್ತವೆ, ಆಮ್ಲ ಹಲ್ಲನ್ನು ಕರಗಿಸುತ್ತದೆ. ಕೆಳಗಿನ ಮುಂಹಲ್ಲುಗಳಿಗೆ ನಾಲಿಗೆಯ ಆಸರೆ ಇರುವುದರಿಂದ ಅವು ಸಾಮಾನ್ಯವಾಗಿ ಪಾರಾಗುತ್ತವೆ. ‘ಹಲ್ಲಿಗೆ ಹುಳ ಬಿದ್ದಿದೆ’ ಅಂತೀವಲ್ಲ, ಅಲ್ಲಿ ಹುಳವೂ ಇಲ್ಲ, ಗಿಳವೂ ಇಲ್ಲ. ಜೇನಲ್ಲಿ ಅದ್ದಿದ ನಿಪ್ಪಲ್ ಕೂಡ ಇದೇ ಕೆಲಸ ಮಾಡುತ್ತೆ. ವರ್ಷ ತುಂಬದ ಮಗುವಿಗಂತೂ ಜೇನುತುಪ್ಪವೇ ಬೇಡ, ಅದರಿಂದ ಬೇರೆಯೇ ಅಪಾಯವಿದೆ.

ಎದೆಹಾಲು ಬಿಡಿಸಬೇಕೇ ಅಂತ ಕೇಳಬೇಡಿ, ಬೇಡ. ಹಲ್ಲು ಬಂದ ಮೇಲೆ ಮಲಗುವ ಮುನ್ನ ಹಲ್ಲುಜ್ಜಿ, ರಾತ್ರಿಯಿಡೀ ಮೊಲೆ ಬಾಯಲ್ಲಿಟ್ಟುಕೊಂಡೇ ಮಲಗುವ ಅಭ್ಯಾಸ ನಿಧಾನಕ್ಕೆ ತಪ್ಪಿಸಿ, ಸಾಕು.

ವರ್ಷ ದಾಟಿದ ಮಗುವಿನ ಬಾಟಲಿ ಬಿಡಿಸೋದು ಹೀಗೆ. ಮೊದಲು ಸಕ್ಕರೆ ನಿಲ್ಲಿಸಿ. ಆಮೇಲೆ ರಾತ್ರಿ ಬಾಟಲಿಯ ಹಾಲಿಗೆ ದಿನಾ ಸ್ವಲ್ಪ ಸ್ವಲ್ಪ ನೀರು ಹೆಚ್ಚಿಸುತ್ತಾ ಹೋಗಿ, ಹತ್ತು ದಿನದಲ್ಲಿ ಬರೀ ನೀರಾಗಲಿ. ಕುಡಿಯಬೇಕಾದ ಹಾಲನ್ನು ಊಟದ ಜೊತೆಗೇ ಲೋಟದಲ್ಲಿ ಕೊಡಿ. ಮೂರ್ನಾಲ್ಕು ರಾತ್ರಿ ರಂಪ ಖಂಡಿತ. ಆ ರಾತ್ರಿಗಳಲ್ಲಿ ಪತಿರಾಯರೂ ಮಗುವನ್ನು ಹೆಗಲಿಗೆ ಹಾಕಿಕೊಂಡು ಓಡಾಡಲಿ, ನೀವೊಬ್ಬರೇ ಯಾಕೆ ನಿದ್ದೆಗೆಡಬೇಕು?

ಇವತ್ತೇ ಒಂದು ಕೆಲಸ ಮಾಡಿ. ಹಗಲು ಬೆಳಕಿನಲ್ಲಿ ಮಗುವಿನ ತಲೆಯನ್ನು ಮಡಿಲಲ್ಲಿಟ್ಟುಕೊಂಡು ಮೇಲ್ತುಟಿ ಎತ್ತಿ ನೋಡಿ. ವಸಡಿನ ಅಂಚಿನಲ್ಲಿ ಸುಣ್ಣ ಬಳಿದ ಹಾಗೆ ಮಂಕಾದ ಬಿಳಿ ಗೆರೆ ಇದೆಯೇ? ಅದೇ ಹುಳುಕಿನ ಮೊದಲ ಹೆಜ್ಜೆ. ಈ ಹಂತದಲ್ಲಿ ದಂತವೈದ್ಯರು ಫ್ಲೋರೈಡ್ ಲೇಪ ಹಚ್ಚಿದರೆ, ಮನೆಯಲ್ಲಿ ನೀವೂ ಎಚ್ಚರ ವಹಿಸಿದರೆ, ಹಲ್ಲು ಮತ್ತೆ ಗಟ್ಟಿಯಾಗಲು ಸಾಧ್ಯ. ಕಂದಾಗಿ ಗುಳಿ ಬಿದ್ದರೆ ತಾನಾಗಿ ತುಂಬಿಕೊಳ್ಳೋದಿಲ್ಲ. ಆಗ ಸಿಮೆಂಟ್ ತುಂಬಿಸಬೇಕು, ಅಥವಾ ಹುಳುಕನ್ನು ಅಲ್ಲಿಗೇ ತಡೆಯುವ ಔಷಧಿ ಹಚ್ಚಿಸಬೇಕು (ಕಲೆ ಕಪ್ಪಾಗುತ್ತೆ, ಹೆದರಬೇಡಿ). ನರಕ್ಕೆ ತಗುಲಿದ್ದರೆ ಪುಟ್ಟ ಮಗುವಿಗೂ ರೂಟ್ ಕೆನಾಲ್, ಸ್ಟೀಲ್ ಕ್ಯಾಪ್. ಅಂದಹಾಗೆ ಕಬ್ಬಿಣಾಂಶದ ಟಾನಿಕ್ ಕುಡಿಯುವ ಮಕ್ಕಳ ಹಲ್ಲು ಕಪ್ಪಾಗುವುದುಂಟು. ಅದು ಬರೀ ಮೇಲಿನ ಕಲೆ, ಹುಳುಕಲ್ಲ.

ಮೊದಲ ಹಲ್ಲು ಮೂಡಿದ ದಿನದಿಂದಲೇ ಉಜ್ಜಲು ಶುರು ಮಾಡಿ, ಬೆಳಿಗ್ಗೆಗಿಂತ ರಾತ್ರಿಯದು ಮುಖ್ಯ. ಮೂರು ವರ್ಷದವರೆಗೆ ಅಕ್ಕಿಕಾಳಿನಷ್ಟು, ಆಮೇಲೆ ಬಟಾಣಿಯಷ್ಟು ಫ್ಲೋರೈಡ್ ಪೇಸ್ಟ್ ಸಾಕು. ಜಾಹೀರಾತಿನ ಹಾಗೆ ಬ್ರಷ್ ತುಂಬ ಹಾಕಬೇಡಿ. ಕೋಲಾರ, ಚಿಕ್ಕಬಳ್ಳಾಪುರ, ಪಾವಗಡದಂಥ ಕಡೆ ಬೋರ್‌ವೆಲ್ ನೀರಲ್ಲೇ ಫ್ಲೋರೈಡ್ ಹೆಚ್ಚಿರುವುದುಂಟು, ಅಲ್ಲಿಯವರು ಪೇಸ್ಟ್ ಬಗ್ಗೆ ವೈದ್ಯರನ್ನು ಕೇಳಿಕೊಳ್ಳಿ. ಇನ್ನೊಂದು ವಿಷಯ: ಮಗುವಿನ ಚಮಚ ನೀವು ಬಾಯಿಗಿಟ್ಟು ರುಚಿ ನೋಡಿದರೆ ನಿಮ್ಮ ಬಾಯಿಯ ಬ್ಯಾಕ್ಟೀರಿಯಾ ಅದಕ್ಕೂ ಹೋಗುತ್ತವೆ. ಆರು ತಿಂಗಳಿಂದ ಮುಂದೂಡುತ್ತಿರುವ ನಿಮ್ಮ ಹಲ್ಲಿನ ಚಿಕಿತ್ಸೆಯನ್ನೂ ಮುಗಿಸಿಬಿಡಿ.

ನೋವಿಗೆ ಲವಂಗದ ಎಣ್ಣೆ ಹಚ್ಚೋದು ದೊಡ್ಡವರಿಗೆ ಸರಿ, ಪುಟ್ಟ ಮಕ್ಕಳಿಗೆ ಬೇಡ. ವೈದ್ಯರು ಹೇಳಿದ ಪ್ರಮಾಣದಲ್ಲಿ ಪ್ಯಾರಾಸಿಟಮಾಲ್ ಕೊಟ್ಟು ಬೇಗ ತೋರಿಸಿ. ಕೆನ್ನೆ ಊದಿ ಜ್ವರ ಬಂದಿದ್ದರೆ ಮಾತ್ರ ಬೆಳಗಾಗಲಿ ಅಂತ ಕಾಯಬೇಡಿ, ರಾತ್ರಿಯಾದರೂ ಸರಿ, ಆಸ್ಪತ್ರೆಗೆ ಕರೆದೊಯ್ಯಿರಿ.