ಕಳ್ಳರು ಕೊರೆದ ಕಿಂಡಿ

ಸೈಬೀರಿಯದ ದಕ್ಷಿಣದಂಚಿನ ಅಲ್ತಾಯ್ ಪರ್ವತಗಳ ಮಡಿಲಲ್ಲಿ ಪಾಜಿರಿಕ್ ಕಣಿವೆಯಿದೆ. ಇಳಿಜಾರಿನಲ್ಲಿ ಲಾರ್ಚ್ ಮರಗಳು, ತಳದಲ್ಲಿ ಹುಲ್ಲು. ಹುಲ್ಲಿನ ನಡುವೆ ಸಾಲಾಗಿ ಕಲ್ಲುಗುಡ್ಡೆಗಳು. ಯಾರೋ ಹೊಲ ಹಸನು ಮಾಡಿ ಆಯ್ದು ಸುರಿದ ಕಲ್ಲುಗಳಂತೆ ಕಾಣುತ್ತವೆ. ಆದರೆ ಇವು ಕುರ್ಗಾನ್‌ಗಳು, ಸುಮಾರು 2,300 ವರ್ಷಗಳ ಹಿಂದೆ ಕುದುರೆ ಮಂದೆಗಳೊಡನೆ ಬಾಳಿದ ನಾಯಕರ ಗೋರಿಗಳು.

ಕಪ್ಪು ಸಮುದ್ರದ ದಂಡೆಯಿಂದ ಇಲ್ಲಿಯವರೆಗೆ ಹಬ್ಬಿದ ಹುಲ್ಲುಗಾವಲಿನ ಸಿಥಿಯನ್ನರಿಗೆ ಇವರು ನಡೆನುಡಿಯಲ್ಲಿ ಹತ್ತಿರದವರು. ಪರ್ಶಿಯದವರು ಸಿಥಿಯನ್ನರೆಲ್ಲರನ್ನೂ ಶಕರೆಂದೇ ಕರೆಯುತ್ತಿದ್ದರು ಎನ್ನುತ್ತಾನೆ ಗ್ರೀಕ್ ಇತಿಹಾಸಕಾರ ಹೆರೊಡೋಟಸ್. ನಮ್ಮ ಪಂಚಾಂಗದಲ್ಲಿ ಉಳಿದಿರುವುದು ಆ ಶಕರ ಹೆಸರೇ.

ಊರು ಕಟ್ಟದವರು, ಬರೆದಿಡದವರು. ಅವರ ಉಣ್ಣೆ, ತೊಗಲು, ಮರದ ಸಾಮಾನೆಲ್ಲ ಎಂದೋ ಮಣ್ಣಾಗಬೇಕಿತ್ತು. ಉಳಿಸಿದವರು ಕಳ್ಳರು! ಗುಡ್ಡೆಯಲ್ಲಿ ಕಿಂಡಿ ಕೊರೆದು, ದಿಮ್ಮಿಗಳ ಕೋಣೆಗಿಳಿದು ಚಿನ್ನ ಬಾಚಿಕೊಂಡು ಹೋದರು. ಅದೇ ಕಿಂಡಿಯಿಂದ ಮಳೆನೀರು ಒಳಗಿಳಿಯಿತು, ಚಳಿಗಾಲಕ್ಕೆ ಹೆಪ್ಪುಗಟ್ಟಿತು. ಮೇಲಿನ ಕಲ್ಲುರಾಶಿ ಬೇಸಿಗೆಯ ಬಿಸಿ ತಾಗಗೊಡಲಿಲ್ಲ. ಸುತ್ತಲ ನೆಲ ವರ್ಷವರ್ಷವೂ ಕರಗುತ್ತಿದ್ದರೆ ಗೋರಿಯೊಳಗಿನ ಮಂಜುಗಡ್ಡೆ ಮಾತ್ರ ಹಾಗೇ ಉಳಿಯಿತು. 1947ರಿಂದ 1949ರವರೆಗೆ ಅಗೆದ ಸೆರ್ಗೈ ರುಡೆಂಕೊ ಬಿಸಿನೀರು ಸುರಿದು ಅದನ್ನು ಕರಗಿಸಬೇಕಾಯಿತು.

ಕರಗಿದಂತೆಲ್ಲ ಬಣ್ಣಗಳು ಮೇಲೆದ್ದವು. ಎರಡನೆಯ ಗೋರಿಯ ನಾಯಕನ ತೋಳಿನ ಮೇಲೆ ಮೈ ತಿರುಚಿ ನೆಗೆಯುವ ಮೃಗಗಳು, ಮೊಣಕಾಲಿನ ಕೆಳಗೆ ಉದ್ದಕ್ಕೂ ಒಂದು ಮೀನು, ಎಲ್ಲವೂ ಹಚ್ಚೆ. ಪಕ್ಕದಲ್ಲಿ ಆರು ಕೋಲುಗಳ ಪುಟ್ಟ ಗುಡಾರದ ಚೌಕಟ್ಟು, ಕಲ್ಲು ತುಂಬಿದ ಪಾತ್ರೆ, ಕರಕಲಾದ ಗಾಂಜಾ ಬೀಜ. ಸಿಥಿಯನ್ನರು ಗುಡಾರದೊಳಗೆ ಕಾದ ಕಲ್ಲಿನ ಮೇಲೆ ಈ ಬೀಜ ಎರಚಿ, ಹೊಗೆಯಲ್ಲಿ ಮುಳುಗಿ ಹಿಗ್ಗಿನಿಂದ ಕೂಗುತ್ತಾರೆಂದು ಹೆರೊಡೋಟಸ್ ಬರೆದಿದ್ದ. ಕಟ್ಟುಕತೆಗಾರನೆಂದು ಅವನನ್ನು ಹಂಗಿಸಿದವರುಂಟು. ಈ ವಿಷಯದಲ್ಲಂತೂ ಅವನು ಗೆದ್ದ.

ಐದನೆಯ ಗೋರಿಯಲ್ಲಿತ್ತು ರತ್ನಗಂಬಳಿ. ಎರಡು ಮೀಟರಿಗೆ ತುಸು ಕಡಿಮೆ ಅಗಲ. ಗಂಟು ಹಾಕಿ ನೇಯ್ದ ರತ್ನಗಂಬಳಿಗಳಲ್ಲಿ ಇಡಿಯಾಗಿ ಉಳಿದಿರುವ ಅತಿ ಹಳೆಯದು. ಕೆಂಪು ನೆಲದ ಮೇಲೆ ಮೇಯುವ ಜಿಂಕೆಗಳ ಸಾಲು, ಅದರಾಚೆ ಎದುರು ದಿಕ್ಕಿಗೆ ಹೊರಟ ಕುದುರೆ ಸವಾರರು. ಕೆಲವರು ಇಳಿದು ಪಕ್ಕದಲ್ಲೇ ನಡೆಯುತ್ತಿದ್ದಾರೆ. ಅದನ್ನು ನೇಯ್ದದ್ದು ಎಲ್ಲಿ ಎಂಬ ವಾದ ಇನ್ನೂ ನಿಂತಿಲ್ಲ. ಅದೇ ಗೋರಿಯಲ್ಲಿ ಚೀನಾದ ರೇಷ್ಮೆಯ ಕಸೂತಿಯೂ ಇತ್ತು. ಈಗ ಇವೆಲ್ಲ ಸೇಂಟ್ ಪೀಟರ್ಸ್‌ಬರ್ಗಿನ ಹರ್ಮಿಟೇಜ್ ಸಂಗ್ರಹಾಲಯದಲ್ಲಿವೆ.

ನನಗೆ ರತ್ನಗಂಬಳಿಗಿಂತ ಹೆಚ್ಚು ಹಿಡಿಸುವುದು 1929ರಲ್ಲಿ ಮಿಖಾಯಿಲ್ ಗ್ರಿಯಾಜ್ನೊವ್ ತೆರೆದ ಮೊದಲನೆಯ ಗೋರಿ. ಕೋಣೆಯ ಹೊರಗೆ, ಗುಂಡಿಯ ಉತ್ತರಕ್ಕೆ ಹತ್ತು ಕುದುರೆಗಳು. ಕಳ್ಳರು ಅವನ್ನು ಮುಟ್ಟಿರಲಿಲ್ಲ. ಜೀನು, ಲಗಾಮು ಎಲ್ಲ ಇದ್ದವು. ಒಂದರ ಮುಖಕ್ಕೆ ತೊಗಲು, ಉಣ್ಣೆಗಳ ಮುಖವಾಡ ತೊಡಿಸಿ ಹಿಮಸಾರಂಗದ ಕೊಂಬು ಏರಿಸಿದ್ದರು. ಕುದುರೆಯನ್ನು ಜಿಂಕೆ ಮಾಡಿ ಕಳಿಸುವ ಹಂಬಲ ಯಾರದೋ. ಪ್ರತಿ ಕುದುರೆಯ ಕಿವಿಯಲ್ಲೂ ಒಂದೊಂದು ಬಗೆಯ ಕಚ್ಚು. ಒಬ್ಬೊಬ್ಬ ಒಡೆಯನ ಗುರುತು ಒಂದೊಂದು. ಸತ್ತ ನಾಯಕನಿಗೆ ಹತ್ತು ಮನೆತನಗಳು ತಂತಮ್ಮ ಮಂದೆಯಿಂದ ಒಂದೊಂದು ಕುದುರೆ ಕೊಟ್ಟಿರಬೇಕು ಎಂಬುದು ಗ್ರಿಯಾಜ್ನೊವ್ ಊಹೆ.