ಮನೆ ಸಿಡಿದ ಮೇಲೆ ನೆರೆಹೊರೆ ಆಡುವ ಮಾತು

2023ರ ಡಿಸೆಂಬರ್ 4, ಸೋಮವಾರ. ಅಮೆರಿಕದ ರಾಜಧಾನಿ ವಾಷಿಂಗ್ಟನ್ನಿಗೆ ಅಂಟಿಕೊಂಡೇ ಇರುವ ಆರ್ಲಿಂಗ್ಟನ್ನಿನಲ್ಲಿ ಬ್ಲೂಮಾಂಟ್ ಎಂಬ ಬಡಾವಣೆ. ಸಂಜೆ ಹೊತ್ತಿಗೆ ಅಲ್ಲಿನ ಜೋಡಿಮನೆಯೊಂದರ ಒಳಗಿನಿಂದ ಯಾರೋ ಫ್ಲೇರ್ ಗನ್ ಹಾರಿಸುತ್ತಿದ್ದಾರೆಂದು ಪೊಲೀಸರಿಗೆ ಕರೆ ಹೋಯಿತು. ನಡುಸಮುದ್ರದಲ್ಲಿ ಸಿಕ್ಕಿಕೊಂಡವರು ತಾವಿರುವ ಜಾಗ ತೋರಿಸಲು ಆಕಾಶಕ್ಕೆ ಹಾರಿಸುವ ಬೆಂಕಿಯುಂಡೆ ಅದು. ಮೂವತ್ತು ನಲವತ್ತು ಸಲ ಹಾರಿತ್ತು. ಪೊಲೀಸರು ಅಕ್ಕಪಕ್ಕದವರನ್ನು ಹೊರಗೆ ಕಳಿಸಿದರು, ಅಗ್ನಿಶಾಮಕ ಸಿಬ್ಬಂದಿ ಮನೆಗೆ ಬರುವ ಗ್ಯಾಸ್ ನಿಲ್ಲಿಸಿದರು. ಫೋನಿನಲ್ಲಿ, ಧ್ವನಿವರ್ಧಕದಲ್ಲಿ ಎಷ್ಟು ಕರೆದರೂ ಒಳಗಿನಿಂದ ಉತ್ತರವಿಲ್ಲ. ಶೋಧನಾ ವಾರಂಟ್ ಹಿಡಿದು ಒಳಹೋಗಲು ಯತ್ನಿಸುತ್ತಿದ್ದಾಗ, ರಾತ್ರಿ ಎಂಟೂವರೆಯ ಸುಮಾರಿಗೆ, ಇಡೀ ಮನೆ ಸಿಡಿದು ಚೂರುಚೂರಾಯಿತು. ಮೈಲಿಗಟ್ಟಲೆ ದೂರಕ್ಕೆ ಸದ್ದು ಕೇಳಿಸಿತು. ತನ್ನ ಮನೆಯ ಮೇಲೆ ಮರ ಬಿದ್ದಿರಬೇಕೆಂದುಕೊಂಡ ನೆರೆಯವನೂ ಇದ್ದ. ಹತ್ತಿರದ ಸುಮಾರು ಹತ್ತು ಮನೆಗಳಿಗೆ ಹಾನಿಯಾಯಿತು, ಕೆಲವು ಪೊಲೀಸರಿಗೆ ಸಣ್ಣಪುಟ್ಟ ಗಾಯಗಳಾದವು. ಒಳಗಿದ್ದ 56 ವರ್ಷದ ಮನುಷ್ಯ ಸತ್ತ.

ಮರುದಿನದಿಂದ ಆತನ ಬದುಕಿನ ತುಣುಕುಗಳು ಒಂದೊಂದಾಗಿ ಹೊರಬಂದವು. ಮನೆಯ ಕಿಟಕಿಗಳಿಗೆ ಅಲ್ಯುಮಿನಿಯಂ ಹಾಳೆ ಮುಚ್ಚಿತ್ತು ಎಂದು ನೆರೆಯವರು ಹೇಳಿದರು. ಪಕ್ಕದ ಮನೆಯವರು, ಹಳೆಯ ಸಹೋದ್ಯೋಗಿಗಳು ಎಲ್ಲರೂ ತನ್ನ ಮೇಲೆ ಗೂಢಚಾರಿಕೆ ನಡೆಸುತ್ತಿದ್ದಾರೆಂದು ಆತ ಅಂತರ್ಜಾಲದಲ್ಲಿ ಬರೆದುಕೊಂಡಿದ್ದ. ತನಗೆ ವಂಚನೆಯಾಗಿದೆ ಎಂದು ವರ್ಷಗಳ ಕಾಲ ಎಫ್‌ಬಿಐಗೆ ಕರೆ ಮಾಡಿ, ಪತ್ರ ಬರೆದು ದೂರಿದ್ದ. ಅವುಗಳಲ್ಲಿ ತನಿಖೆಗೆ ಅರ್ಹವಾದದ್ದೇನೂ ಸಿಗಲಿಲ್ಲ ಎಂದಿತು ಎಫ್‌ಬಿಐ. ಇಷ್ಟು ಸಾಕಾಯಿತು. ಎರಡು ಮಾತುಗಳು ಹುಟ್ಟಿಕೊಂಡವು: 'ತಲೆಕೆಟ್ಟವರು ಅಪಾಯಕಾರಿ, ಪಕ್ಕದಲ್ಲಿ ಇರಿಸಿಕೊಳ್ಳಬಾರದು' ಎಂಬುದು ಒಂದು, 'ಇಷ್ಟೆಲ್ಲ ಕಣ್ಣೆದುರೇ ಇತ್ತಲ್ಲ, ಮೊದಲೇ ಹಿಡಿದು ಆಸ್ಪತ್ರೆಗೆ ಯಾಕೆ ಹಾಕಲಿಲ್ಲ' ಎಂಬುದು ಇನ್ನೊಂದು. ಎರಡನ್ನೂ ಒರೆಗೆ ಹಚ್ಚುವ ಮೊದಲು ಒಂದು ಮಾತು ಹೇಳಲೇಬೇಕು. ವೈದ್ಯರು ಆತನಿಗೆ ಇಂಥ ಕಾಯಿಲೆ ಎಂದು ಗುರುತಿಸಿದ್ದರೆಂಬುದು ಸಾರ್ವಜನಿಕವಾಗಿ ಸಾಬೀತಾಗಿಲ್ಲ. ಬರಹ ಓದಿ, ಕಿಟಕಿ ನೋಡಿ ದೂರದಿಂದ ಕಾಯಿಲೆಯ ಹೆಸರು ಇಡಲು ಯಾರಿಂದಲೂ ಆಗದು, ಮನೋವೈದ್ಯರಿಂದಲೂ ಆಗದು. ಆದರೆ ಆ ಎರಡು ಮಾತುಗಳು ಇವನೊಬ್ಬನಲ್ಲಿ ನಿಲ್ಲುವುದಿಲ್ಲ. ಚಿಕಿತ್ಸೆಯಲ್ಲಿರುವ, ಚಿಕಿತ್ಸೆಗೆ ಹೋಗಬೇಕೋ ಬೇಡವೋ ಎಂದು ಹಿಂದೇಟು ಹಾಕುತ್ತಿರುವ ಲಕ್ಷಾಂತರ ಮಂದಿಯ ಮನೆಬಾಗಿಲಿಗೆ ಹೋಗಿ ತಟ್ಟುತ್ತವೆ. ಹಾಗಾಗಿ ಅವಕ್ಕೆ ಉತ್ತರ ಹೇಳಲೇಬೇಕು.

ಮೊದಲನೆಯ ನಂಬಿಕೆಯನ್ನು ಅಳೆದು ನೋಡಿದವರಿದ್ದಾರೆ. ಆಸ್ಪತ್ರೆಯಿಂದ ಬಿಡುಗಡೆಯಾದ ಸಾವಿರಕ್ಕೂ ಹೆಚ್ಚು ಮಾನಸಿಕ ರೋಗಿಗಳನ್ನು ಅನುಸರಿಸಿದ ಮ್ಯಾಕ್‌ಆರ್ಥರ್ ಅಧ್ಯಯನ 1998ರಲ್ಲಿ ಪ್ರಕಟವಾಯಿತು. ಪಿಟ್ಸ್‌ಬರ್ಗ್ ನಗರದಲ್ಲಿ ಸಂಶೋಧಕರು ರೋಗಿಗಳನ್ನು ಯಾರೋ ಎಲ್ಲಿಯೋ ಇರುವ ಜನರ ಜತೆ ಹೋಲಿಸಲಿಲ್ಲ. ಅದೇ ಬೀದಿಗಳಲ್ಲಿ, ಅದೇ ಬಡತನದಲ್ಲಿ ಬಾಳುವ ನೆರೆಯವರ ಜತೆಗೇ ಹೋಲಿಸಿದರು. ಕುಡಿತ, ಮಾದಕವಸ್ತುಗಳ ಚಟ ಇಲ್ಲದ ರೋಗಿಗಳಲ್ಲಿ ಹಿಂಸೆಯ ಪ್ರಮಾಣ, ಚಟವಿಲ್ಲದ ನೆರೆಯವರಲ್ಲಿ ಇದ್ದಷ್ಟೇ ಇತ್ತು. ಚಟ ಸೇರಿಕೊಂಡಾಗ ಎರಡೂ ಕಡೆ ಏರಿತು. ಹಿಂಸೆ ನಡೆದಾಗಲೂ ಅದಕ್ಕೆ ಗುರಿಯಾದವರು ಹೆಚ್ಚಾಗಿ ಮನೆಯವರು ಮತ್ತು ಪರಿಚಿತರೇ ಹೊರತು ದಾರಿಹೋಕರಲ್ಲ. ಡ್ಯೂಕ್ ವಿಶ್ವವಿದ್ಯಾಲಯದ ಜೆಫ್ರಿ ಸ್ವಾನ್ಸನ್ ಮಾಡಿದ ಲೆಕ್ಕ ಇನ್ನೂ ನೇರವಾಗಿದೆ: ಗಂಭೀರ ಮಾನಸಿಕ ಕಾಯಿಲೆಗಳೆಲ್ಲ ನಾಳೆ ಬೆಳಗಾಗುವುದರೊಳಗೆ ಮಾಯವಾದವೆಂದುಕೊಂಡರೂ ಅಮೆರಿಕ ಸಮಾಜದಲ್ಲಿನ ಹಿಂಸೆ ಶೇಕಡ 4ರಷ್ಟು ಮಾತ್ರ ಇಳಿಯುತ್ತದೆ. ಉಳಿದ 96 ಹಾಗೆಯೇ ಉಳಿಯುತ್ತದೆ. ತಿರುಗಿಸಿ ನೋಡಿದರೆ ಚಿತ್ರ ಇನ್ನೂ ಬೇರೆ. ಲಿಂಡಾ ಟೆಪ್ಲಿನ್ ಮತ್ತು ಸಂಗಡಿಗರು ಷಿಕಾಗೋದಲ್ಲಿ ನಡೆಸಿ 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಗಂಭೀರ ಕಾಯಿಲೆಯಿದ್ದವರಲ್ಲಿ ಕಾಲುಭಾಗಕ್ಕೂ ಹೆಚ್ಚು ಮಂದಿ ಒಂದೇ ವರ್ಷದೊಳಗೆ ಹಿಂಸಾಪರಾಧಕ್ಕೆ ಗುರಿಯಾಗಿದ್ದರು. ಇದು ಸಾಮಾನ್ಯ ಜನರಿಗಿಂತ ಹನ್ನೊಂದು ಪಟ್ಟು. ಏಟು ತಿನ್ನುವವರನ್ನೇ ಏಟು ಕೊಡುವವರೆಂದು ಎಣಿಸುತ್ತ ಬಂದಿದ್ದೇವೆ.

ಇಲ್ಲಿ ಬರುವ ಆಕ್ಷೇಪಣೆಯನ್ನು ಮರೆಮಾಚಬಾರದು. 'ಹಾಗಾದರೆ ಅಪಾಯವೇ ಇಲ್ಲವೋ?' ಇದೆ. ಕಾಯಿಲೆಯವರ ಪರವಾಗಿ ಮಾತಾಡುವವರು ಕೆಲವೊಮ್ಮೆ ಈ ಸತ್ಯವನ್ನು ಬಾಯಿಬಿಟ್ಟು ಹೇಳುವುದಿಲ್ಲ, ಅದು ತಪ್ಪು. ಯಾರೋ ಕೊಲ್ಲಲು ಹೊಂಚು ಹಾಕಿದ್ದಾರೆ ಎಂಬ ಅಲುಗದ ಸಂಶಯ, ಇಲ್ಲದ ದನಿಗಳು ಕಿವಿಗೆ ಬೀಳುವುದು, ಇಂಥ ಲಕ್ಷಣಗಳ ಸ್ಥಿತಿಗೆ ಸೈಕೋಸಿಸ್ ಎನ್ನುತ್ತಾರೆ. ಅದರಲ್ಲಿ ಹಿಂಸೆಯ ಸಾಧ್ಯತೆ ಸ್ವಲ್ಪ ಹೆಚ್ಚುವುದು ನಿಜ. ಆದರೆ ಯಾವಾಗ ಹೆಚ್ಚುತ್ತದೆ ಎಂಬುದರಲ್ಲಿ ಇಡೀ ವಿಷಯ ಅಡಗಿದೆ. ನೀಲ್ಸನ್ ಮತ್ತು ಲಾರ್ಜ್ ಎಂಬ ಮನೋವೈದ್ಯರು ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಹಾಕಿ 2010ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಂತೆ, ಮೊದಲ ಸಲ ಸೈಕೋಸಿಸ್‌ಗೆ ಒಳಗಾಗಿ ಬರುವವರಲ್ಲಿ ಸುಮಾರು 629ಕ್ಕೆ ಒಬ್ಬರು ಚಿಕಿತ್ಸೆಗೆ ಮುಂಚೆಯೇ ಕೊಲೆ ಮಾಡಿರುತ್ತಾರೆ. ಚಿಕಿತ್ಸೆ ಶುರುವಾದ ಮೇಲೆ ಅದು ವರ್ಷಕ್ಕೆ ಸುಮಾರು 9,090 ರೋಗಿಗಳಿಗೆ ಒಂದರಂತೆ ಇಳಿಯುತ್ತದೆ. ಸ್ವೀಡನ್ನಿನಲ್ಲಿ ಸೀನಾ ಫಜೆಲ್ ಮತ್ತು ಸಂಗಡಿಗರು 80,000ಕ್ಕೂ ಹೆಚ್ಚು ರೋಗಿಗಳ ದಾಖಲೆಗಳನ್ನು ಇನ್ನೂ ಜಾಣತನದಿಂದ ನೋಡಿದರು. ಒಬ್ಬ ರೋಗಿಯನ್ನು ಇನ್ನೊಬ್ಬನ ಜತೆ ಹೋಲಿಸುವ ಬದಲು, ಅದೇ ಮನುಷ್ಯ ಮಾತ್ರೆ ತೆಗೆದುಕೊಳ್ಳುತ್ತಿದ್ದ ತಿಂಗಳುಗಳನ್ನು ಬಿಟ್ಟಿದ್ದ ತಿಂಗಳುಗಳ ಜತೆ ಹೋಲಿಸಿದರು. ಸೈಕೋಸಿಸ್‌ಗೆ ಕೊಡುವ ಮಾತ್ರೆ ತೆಗೆದುಕೊಳ್ಳುತ್ತಿದ್ದಾಗ ಹಿಂಸಾಪರಾಧ ಶೇಕಡ 45ರಷ್ಟು ಕಡಿಮೆ. ಅವನೇ ಮನುಷ್ಯ, ಅವನದೇ ಸ್ವಭಾವ, ಅವನದೇ ಮನೆ, ಬದಲಾದದ್ದು ಮುಖ್ಯವಾಗಿ ಔಷಧಿ. ಹೀಗಿರುವಾಗ ಪಕ್ಕದ ಮನೆಯಲ್ಲಿ ಕಾಯಿಲೆಯವರು ಇದ್ದಾರೆಂದು ಹೆದರುವುದಕ್ಕಿಂತ, ಅವರು ಎಷ್ಟು ಕಾಲದಿಂದ ಚಿಕಿತ್ಸೆಯಿಲ್ಲದೆ ಇದ್ದಾರೆಂದು ಕೇಳುವುದು ನ್ಯಾಯ.

ಆ ಕಾಲ ಎಷ್ಟು ಉದ್ದ ಎಂಬುದು ಗೊತ್ತಾದರೆ 'ಇದ್ದಕ್ಕಿದ್ದಂತೆ ಹುಚ್ಚು ಹಿಡಿಯಿತು' ಎಂಬ ಮಾತೂ ಬಿದ್ದುಹೋಗುತ್ತದೆ. ಅಮೆರಿಕದ 21 ರಾಜ್ಯಗಳ 34 ಚಿಕಿತ್ಸಾಲಯಗಳಲ್ಲಿ ನಡೆದ ರೇಸ್ ಎಂಬ ಅಧ್ಯಯನದಲ್ಲಿ, ಸೈಕೋಸಿಸ್ ಶುರುವಾದಂದಿನಿಂದ ಸರಿಯಾದ ಚಿಕಿತ್ಸೆ ಸಿಗುವವರೆಗಿನ ಮಧ್ಯಮ ಅವಧಿ 74 ವಾರ. ಹೆಚ್ಚುಕಡಿಮೆ ಒಂದೂವರೆ ವರ್ಷ. ಈ ಒಂದೂವರೆ ವರ್ಷದಲ್ಲಿ ಮನುಷ್ಯ ಮೊದಲು ನಿದ್ದೆ ಬಿಡುತ್ತಾನೆ, ಆಮೇಲೆ ಸ್ನೇಹಿತರನ್ನು, ಆಮೇಲೆ ಕೆಲಸವನ್ನು. ಕಿಟಕಿಗಳು ಒಂದೊಂದಾಗಿ ಮುಚ್ಚುತ್ತವೆ. ಹೊರಗಿನವರಿಗೆ ಕಾಣುವುದು ಮುಚ್ಚಿದ ಕಿಟಕಿಯೊಂದೇ. ಒಳಗಿರುವವನಿಗೆ ಅದು ಜೀವ ಉಳಿಸಿಕೊಳ್ಳುವ ದಾರಿ. ತನಗೆ ಕಾಯಿಲೆಯಿದೆ ಎಂಬ ಅರಿವೇ ಇಲ್ಲದಿರುವುದು ಸೈಕೋಸಿಸ್ ಕಾಣಿಸುವ ಕಾಯಿಲೆಯಾದ ಸ್ಕಿಜೋಫ್ರೇನಿಯಾದಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಇರುವ ಲಕ್ಷಣ. ಅದು ಹಟವೂ ಅಲ್ಲ, ಅಹಂಕಾರವೂ ಅಲ್ಲ. ಕಾಯಿಲೆಯದೇ ಒಂದು ಭಾಗ. ಹಾಗಾಗಿಯೇ 'ನೋಡಪ್ಪಾ, ಯಾರೂ ನಿನ್ನ ಮೇಲೆ ಕಣ್ಣಿಟ್ಟಿಲ್ಲ' ಎಂದು ಸಾಕ್ಷಿ ಸಮೇತ ವಾದಿಸಿದರೆ ಪ್ರಯೋಜನವಿಲ್ಲ. ವಾದಿಸಿದವನೂ ಶತ್ರುಗಳ ಪಟ್ಟಿಗೆ ಸೇರುತ್ತಾನೆ, ಅಷ್ಟೆ. ಮನೋವಿಜ್ಞಾನಿ ಜೇವಿಯರ್ ಅಮಡೋರ್ ಅವರ ಸ್ವಂತ ಅಣ್ಣನಿಗೇ ಸ್ಕಿಜೋಫ್ರೇನಿಯಾ ಇತ್ತು. ಅವನೊಂದಿಗೆ ವರ್ಷಗಟ್ಟಲೆ ವಾದಿಸಿ ಸೋತ ಮೇಲೆ ಅವರು ಕಂಡುಕೊಂಡ ದಾರಿ ಬೇರೆ: ಕೇಳಿಸಿಕೊಳ್ಳುವುದು, ಭಯವನ್ನು ಭಯವೆಂದೇ ಒಪ್ಪುವುದು, ಇಬ್ಬರೂ ಒಪ್ಪುವ ಒಂದು ಸಣ್ಣ ವಿಷಯ ಹುಡುಕುವುದು. ಸಾಮಾನ್ಯವಾಗಿ ಆ ವಿಷಯ ನಿದ್ದೆ. 'ನಿನಗೆ ಕಾಯಿಲೆ' ಎಂದರೆ ಬಾಗಿಲು ಹಾಕಿಕೊಳ್ಳುವವನು 'ಎಷ್ಟು ದಿನದಿಂದ ನಿದ್ದೆಯಿಲ್ಲ?' ಎಂದರೆ ಒಂದು ಕ್ಷಣ ನಿಲ್ಲುತ್ತಾನೆ. ನಿದ್ದೆಗೆಂದು ವೈದ್ಯರ ಬಳಿ ಹೋಗಲು ಒಪ್ಪುವವರಿದ್ದಾರೆ.

ಈಗ ಎರಡನೆಯ ಮಾತು. ಮೊದಲೇ ಹಿಡಿದು ಹಾಕಬೇಕಿತ್ತು ಎನ್ನುವವರ ಸಿಟ್ಟು ನ್ಯಾಯವಾದದ್ದೇ. ರಾತ್ರೋರಾತ್ರಿ ಮನೆ ಕಳೆದುಕೊಂಡವರಿಗೆ ಇನ್ನೇನು ಅನ್ನಿಸಬೇಕು? ಆದರೆ ಕಾನೂನು ಹಾಗೆ ಕಟ್ಟಿದ್ದಲ್ಲ. ಅಪಾಯಕಾರಿಯಲ್ಲದ, ತಾನೇ ಬಾಳಬಲ್ಲ ಮನುಷ್ಯನನ್ನು ಕಾಯಿಲೆಯ ಕಾರಣಕ್ಕೆ ಮಾತ್ರ ಕೂಡಿಹಾಕುವಂತಿಲ್ಲ ಎಂದು ಅಮೆರಿಕದ ಸುಪ್ರೀಂ ಕೋರ್ಟ್ 1975ರಲ್ಲಿ ಓಕಾನರ್ ವಿರುದ್ಧ ಡೊನಾಲ್ಡ್‌ಸನ್ ಪ್ರಕರಣದಲ್ಲಿ ಹೇಳಿತು. ಹದಿನೈದು ವರ್ಷ ಆಸ್ಪತ್ರೆಯಲ್ಲಿ ಕೊಳೆತಿದ್ದವನ ಮೊಕದ್ದಮೆ ಅದು, ತೀರ್ಪು ಬರಬೇಕಾದದ್ದೇ ಆಗಿತ್ತು. ಆರ್ಲಿಂಗ್ಟನ್ ಇರುವ ವರ್ಜೀನಿಯಾ ರಾಜ್ಯದಲ್ಲಿ ಜವಾಬ್ದಾರಿಯುಳ್ಳ ಯಾರಾದರೂ ಮ್ಯಾಜಿಸ್ಟ್ರೇಟರ ಮುಂದೆ ಪ್ರಮಾಣ ಮಾಡಿ ಅರ್ಜಿ ಹಾಕಬಹುದು. ಆದರೆ ಆ ವ್ಯಕ್ತಿ ಹತ್ತಿರದ ದಿನಗಳಲ್ಲಿ ತನಗೋ ಇತರರಿಗೋ ಗಂಭೀರ ಹಾನಿ ಮಾಡುವ ಸಾಧ್ಯತೆ ಗಣನೀಯವಾಗಿದೆ, ಅಥವಾ ತನ್ನನ್ನು ತಾನೇ ನೋಡಿಕೊಳ್ಳಲಾರದ ಸ್ಥಿತಿಯಲ್ಲಿದ್ದಾನೆ ಎಂದು ಮನವರಿಕೆಯಾಗಬೇಕು. ಆಗಲೂ ತುರ್ತು ವಶಕ್ಕೆ ಸಿಗುವುದು ಎಂಟು ಗಂಟೆ. ಕಿಟಕಿಗೆ ಹಾಳೆ ಅಂಟಿಸಿದ್ದು, ಬಾಗಿಲು ತೆರೆಯದಿದ್ದದ್ದು, ನೆರೆಯವರನ್ನು ಬೈದು ಬರೆದದ್ದು ಈ ಅಳತೆಗೆ ಬರುವುದಿಲ್ಲ. ಬರಬೇಕು ಎನ್ನುವವರು ಆ 629ರ ಲೆಕ್ಕವನ್ನು ಮತ್ತೊಮ್ಮೆ ನೋಡಲಿ. ಚಿಕಿತ್ಸೆಯಿಲ್ಲದ, ಅತಿ ಅಪಾಯದ ಹಂತದಲ್ಲೂ ಒಬ್ಬ ಕೊಲೆಗಾರನನ್ನು ತಡೆಯಲು 628 ನಿರಪರಾಧಿಗಳನ್ನು ಹಿಡಿಯಬೇಕಾಗುತ್ತದೆ. ಹಿಡಿಯುತ್ತಾರೆಂಬ ಸುದ್ದಿ ಹಬ್ಬಿದ ದಿನದಿಂದ ಉಳಿದವರು ಕಾಯಿಲೆಯನ್ನು ಇನ್ನಷ್ಟು ಒಳಗೆ ಬಚ್ಚಿಡುತ್ತಾರೆ. 74 ವಾರ ನೂರಾಗುತ್ತದೆ.

ಹಿಡಿದು ಹಾಕುವುದೇ ಪರಿಹಾರವಾಗಿದ್ದರೆ ವರ್ಜೀನಿಯಾ ಎಂದೋ ಗೆಲ್ಲಬೇಕಿತ್ತು. 2013ರ ನವೆಂಬರಿನಲ್ಲಿ ಅಲ್ಲಿನ ಸೆನೆಟರ್ ಕ್ರೀ ಡೀಡ್ಸ್ ತಮ್ಮ ಮಗನನ್ನು ಕಾನೂನು ಹೇಳಿದಂತೆಯೇ ತುರ್ತು ವಶಕ್ಕೆ ಕೊಡಿಸಿದ್ದರು. ಆಗ ಇದ್ದ ಅವಧಿ ಆರು ಗಂಟೆ. ಅಷ್ಟರೊಳಗೆ ಹಾಸಿಗೆ ಸಿಗಲಿಲ್ಲವೆಂದು ಮಗನನ್ನು ಮನೆಗೆ ಕಳಿಸಿದರು. ಹತ್ತಿರದ ಆಸ್ಪತ್ರೆಗಳಲ್ಲಿ ಹಾಸಿಗೆಗಳಿದ್ದವೆಂದು ಆಮೇಲೆ ತಿಳಿಯಿತು. ಮರುದಿನ ಬೆಳಿಗ್ಗೆ ಮಗ ತಂದೆಯನ್ನು ಇರಿದು ತಾನು ಗುಂಡು ಹಾರಿಸಿಕೊಂಡ. ತಂದೆ ಉಳಿದರು. ಮುಂದಿನ ವರ್ಷವೇ ಕಾನೂನು ತಿದ್ದಿ ಆರನ್ನು ಎಂಟು ಮಾಡಿದರು, ಬೇರೆಲ್ಲೂ ಜಾಗವಿಲ್ಲದಿದ್ದರೆ ಸರ್ಕಾರಿ ಆಸ್ಪತ್ರೆ ಸೇರಿಸಿಕೊಳ್ಳಲೇಬೇಕು ಎಂದರು. ಒಳ್ಳೆಯ ತಿದ್ದುಪಡಿ, ಆದರೆ ಅದು ವಿಸ್ತರಿಸಿದ್ದು ಕಟ್ಟಕಡೆಯ ಬಾಗಿಲನ್ನು. ಆರ್ಲಿಂಗ್ಟನ್ನಿನ ಮನುಷ್ಯನೂ ಹಿಂದೊಮ್ಮೆ ತನ್ನನ್ನು ಇಷ್ಟಕ್ಕೆ ವಿರುದ್ಧವಾಗಿ ಆಸ್ಪತ್ರೆಗೆ ಸೇರಿಸಿದ್ದರೆಂದು ಮೊಕದ್ದಮೆ ಹೂಡಿದ್ದ. ನ್ಯಾಯಾಲಯ ಅದನ್ನು ವಜಾ ಮಾಡಿತು. ಆತ ಹೇಳಿಕೊಂಡಂತೆ ಒತ್ತಾಯದ ದಾಖಲಾತಿ ನಡೆದಿದ್ದರೆ, ಅಲ್ಲಿಂದ ಅವನು ಹೊತ್ತು ತಂದದ್ದು ಇನ್ನೊಂದು ದೂರನ್ನು ಮಾತ್ರ. ಆ ದೂರುಗಳೆಲ್ಲ ಎಲ್ಲಿಗೆ ಹೋದವು ನೋಡಿ: ನ್ಯಾಯಾಲಯಕ್ಕೆ, ಎಫ್‌ಬಿಐಗೆ. ಅಪರಾಧ ನಡೆದಿದೆಯೇ ಎಂದು ನೋಡುವ ಮೇಜುಗಳು ಅವು. ಅಲ್ಲಿದ್ದವರು ನೋಡಿದರು, ಇಲ್ಲ ಎಂದರು, ಕಡತ ಮುಚ್ಚಿದರು. ಅವರು ತಪ್ಪು ಮಾಡಿದರು ಎನ್ನಲಾಗದು. ಬರೆದವನು ನರಳುತ್ತಿದ್ದಾನೆಯೇ ಎಂದು ನೋಡಬೇಕಾದ ಮೇಜಿಗೆ ಆ ಪತ್ರಗಳನ್ನು ದಾಟಿಸುವ ದಾರಿಯೇ ಇರಲಿಲ್ಲ ಎಂಬುದು ನನ್ನ ಕೊರಗು.

ನಮ್ಮಲ್ಲಿ ಈ ದಾರಿ ಇನ್ನೂ ಕಿರಿದು. ಬೆಂಗಳೂರಿನ ನಿಮ್ಹಾನ್ಸ್ ಮುಂದಾಳತ್ವದಲ್ಲಿ 12 ರಾಜ್ಯಗಳಲ್ಲಿ ನಡೆದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ಗಂಭೀರ ಕಾಯಿಲೆಯಿದ್ದವರಲ್ಲೂ ನಾಲ್ವರಲ್ಲಿ ಮೂವರಷ್ಟು ಮಂದಿ ಚಿಕಿತ್ಸೆಯಿಲ್ಲದೇ ಇದ್ದರು. 'ಹುಚ್ಚ', 'ಲೂಸು', 'ಗಾಳಿ ಸೋಕಿದೆ' ಎಂಬ ನಮ್ಮ ಮಾತುಗಳು ಮನೆಯವರ ಬಾಯಿ ಕಟ್ಟುತ್ತವೆ. ಮಗಳ ಮದುವೆ ನಿಂತೀತು ಎಂದು ಮಗನ ಕಾಯಿಲೆಯನ್ನು ಮುಚ್ಚಿಡುತ್ತಾರೆ. ಆದರೂ 2022ರ ಅಕ್ಟೋಬರಿನಿಂದ ನಮಗೊಂದು ಫೋನ್ ನಂಬರು ಇದೆ, ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್‌ನ 14416. ಕಾಯಿಲೆಯವರೇ ಕರೆ ಮಾಡಬೇಕೆಂದಿಲ್ಲ, ಮನೆಯವರು ಮಾಡಿದರೂ ಆಗುತ್ತದೆ. ಅಮೆರಿಕದವರಿಗೆ ಅದೇ ವರ್ಷದ ಜುಲೈಯಿಂದ 988 ಇದೆ. ವಾಷಿಂಗ್ಟನ್ ಸುತ್ತಮುತ್ತ ನೆಲೆಸಿರುವ ಕನ್ನಡಿಗರಿಗೂ ಅದೇ ನಂಬರು.

'ಇದೆಲ್ಲ ಸರಿ, ಎದುರು ಮನೆಯವನು ಬೆಂಕಿಯುಂಡೆ ಹಾರಿಸುತ್ತಿರುವಾಗ ನಾನು ಅವನ ನಿದ್ದೆ ವಿಚಾರಿಸಲೇ?' ಎಂದು ಕೇಳಿದರೆ, ಇಲ್ಲ. ಆ ಗಳಿಗೆ ಪೊಲೀಸರದು. ಅಂದು ಬ್ಲೂಮಾಂಟಿನಲ್ಲಿ ಕರೆ ಮಾಡಿದವರು ಸರಿಯಾದದ್ದನ್ನೇ ಮಾಡಿದರು; ಅಕ್ಕಪಕ್ಕದ ಮನೆಗಳು ಖಾಲಿಯಾದವು, ನೆರೆಯವರ ಜೀವ ಉಳಿಯಿತು. ನಾನು ಹೇಳುತ್ತಿರುವುದು ಅದಕ್ಕೆ ಹಿಂದಿನ ವರ್ಷಗಳ ಮಾತು. ಅಮೆರಿಕದ ಸಂಸತ್ತು ಇದನ್ನು ಸ್ವಲ್ಪಮಟ್ಟಿಗೆ ಅರ್ಥಮಾಡಿಕೊಂಡಿದೆ. ಮಾನಸಿಕ ಆರೋಗ್ಯಕ್ಕೆಂದು ರಾಜ್ಯಗಳಿಗೆ ಕೊಡುವ ಅನುದಾನದಲ್ಲಿ ಶೇಕಡ 5ನ್ನು ಸೈಕೋಸಿಸ್‌ನ ಆರಂಭದ ಹಂತದ ಚಿಕಿತ್ಸೆಗೆಂದೇ 2014ರಿಂದ ತೆಗೆದಿರಿಸಿ, ಎರಡು ವರ್ಷದಲ್ಲಿ ಅದನ್ನು 10ಕ್ಕೆ ಏರಿಸಿತು. ಮಾತ್ರೆ, ಮಾತುಕತೆ, ಮನೆಯವರಿಗೆ ತಿಳಿವಳಿಕೆ, ಓದು-ಉದ್ಯೋಗಕ್ಕೆ ನೆರವು, ಎಲ್ಲವನ್ನೂ ಒಂದೇ ತಂಡ ನೋಡಿಕೊಳ್ಳುವ ವ್ಯವಸ್ಥೆ ಅದು. ಅಲ್ಲಿಗೆ ಬರುವವರು ಹೆಚ್ಚಾಗಿ ಹದಿಹರೆಯದವರು, ಇಪ್ಪತ್ತರ ಆಚೀಚಿನವರು. ವರ್ಷಗಳಿಂದ ಬಾಗಿಲು ಹಾಕಿಕೊಂಡು ಕೂತ ಐವತ್ತು ದಾಟಿದವರ ಬಾಗಿಲು ತಟ್ಟಲು ಅಂಥ ತಂಡಗಳು ತೀರಾ ಕಡಿಮೆ.